ಸಂದೂಕಕ್ಕೆ ಹಚ್ಚಿದ ಕೈಗಳು

ಒಂಬತ್ತನೆಯ ಮೆಟ್ಟಿಲ ಹತ್ತಿರ ಬಂದದ್ದೇ ಬಂತು, ಸಂದೂಕ ಹಟಮಾರಿ ಎಮ್ಮೆಯಂತೆ ನಿಂತುಬಿಟ್ಟಿತು.

"ಎಳೀ ದಿಗಂಬರ, ಎಳೀ! ಮುಂಜಾನಿ ರೊಟ್ಟಿ ತಿಂದೀಯೋ ಇಲ್ಲೋ?" ಎಂದು ಗುರುಲಿಂಗಪ್ಪ ಗದರಿದರು. ಮೇಲಂತಸ್ತಿನ ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದ ಮಗ ದಿಗಂಬರ ಚೌಕಟ್ಟಿಗೆ ಕಾಲು ಕೊಟ್ಟು ಎಳೆದ. ಕೆಳಗಿನಿಂದ ಅಂಗಡಿಯ ಹಮಾಲ ನರಸಿಂಗ ಭುಜ ಕೊಟ್ಟು ನೂಕಿದ. ಮೆಟ್ಟಿಲ ಮೇಲೆ ಹಾಸಿದ್ದ ಎರಡು ಹಲಗೆಗಳು ಕಿರ್ರೆಂದವು. ಸಂದೂಕ ಮಾತ್ರ ಒಂದು ಬೆರಳಿನಷ್ಟೂ ಮೇಲೇರಲಿಲ್ಲ.

ಅದು ಅಂತಿಂಥ ಪೆಟ್ಟಿಗೆಯಲ್ಲ. ಸಾಗುವಾನಿ ಕಟ್ಟಿಗೆಯದು, ಹಿತ್ತಾಳೆ ಪಟ್ಟಿ ಬಡಿದದ್ದು, ಒಳಗೆ ಇಬ್ಬರು ಮಕ್ಕಳು ಕಾಲು ಚಾಚಿ ಮಲಗುವಷ್ಟು ದೊಡ್ಡದು. ಹುಮನಾಬಾದಿನ ಹಳೇ ಬಜಾರದ ಮನೆಯಿಂದ ಈ ಹೊಸ ಮನೆಗೆ ಉಳಿದ ಸಾಮಾನೆಲ್ಲ ಟೆಂಪೋದಲ್ಲಿ ಅರ್ಧ ತಾಸಿನೊಳಗೆ ಬಂದು ಬಿದ್ದಿತ್ತು. ಸಂದೂಕಕ್ಕೆ ಮಾತ್ರ ಆ ಭಾಗ್ಯವಿಲ್ಲ. ಅದು ಮನೆಯವರ ಕೈಯಲ್ಲೇ ಬರಬೇಕು. ಬರುವಾಗ ಮನೆಯವರೆಲ್ಲರೂ ಅದಕ್ಕೆ ಕೈ ಹಚ್ಚಬೇಕು, ಹಚ್ಚಿದ ಕೈಯನ್ನು ಅದು ತನ್ನ ಜಾಗದಲ್ಲಿ ಕೂಡುವ ತನಕ ತೆಗೆಯಬಾರದು. ಗುರುಲಿಂಗಪ್ಪನವರ ಮುತ್ತಜ್ಜನ ಕಾಲದಲ್ಲಿ ಮನೆಯ ತಮ್ಮನೊಬ್ಬ ನಡುದಾರಿಯಲ್ಲಿ ಕೈ ತೆಗೆದು ತಂಬಾಕು ತಿಕ್ಕಿದನಂತೆ. ವರ್ಷ ತುಂಬುವುದರೊಳಗೆ ಪಾಲು ಕೇಳಿ ಬೇರೆಯಾದನಂತೆ. ಅಂದಿನಿಂದ ಈ ಮನೆತನದವರು ಸಂದೂಕದ ಮೇಲಿಟ್ಟ ಕೈಯನ್ನು ಮೂಗು ಕೆರೆಯಲಿಕ್ಕೂ ತೆಗೆದವರಲ್ಲ. ಹಗ್ಗ ಎಳೆಯುವ ದಿಗಂಬರನದು ಕೈ ಹಚ್ಚಿದಂತೆ ಆಯಿತೋ ಇಲ್ಲವೋ ಎಂದು ಬೆಳಿಗ್ಗೆ ಚರ್ಚೆ ನಡೆದು, ಹಗ್ಗ ಮುಟ್ಟಿದರೂ ಸಂದೂಕ ಮುಟ್ಟಿದ ಹಾಗೆಯೇ ಎಂದು ಹಿರಿಯರು ತೀರ್ಪು ಕೊಟ್ಟಿದ್ದರು.

ಅದು ಸಾಲದೆಂಬಂತೆ ಇನ್ನೊಂದು ಕಟ್ಟಳೆ. ಖಾಲಿ ಸಂದೂಕ ಹೊಸ ಮನೆಯ ಹೊಸಿಲು ದಾಟಬಾರದು. ಐದು ಬೊಗಸೆ ಜೋಳ ಹಾಕಿದ್ದರೆ ಸಾಕಿತ್ತು. ಅತ್ತೆ ಶಕುಂತಲಾಬಾಯಿಯವರದು ದೊಡ್ಡ ಕೈ. ಒಂದು ಚೀಲ ಸುರಿದಿದ್ದರು.

ಸೊಸೆ ಶೀತಲ್ ಸಂದೂಕದ ಒಂದು ಮೂಲೆಗೆ ಕೈ ಹಚ್ಚಿ, ಇನ್ನೊಂದು ಕೈಯಲ್ಲಿ ಕದ್ದು ಫೋನ್ ನೋಡಿದಳು. ಹನ್ನೊಂದೂ ಮುಕ್ಕಾಲು. ಸಂದೂಕ ಏರಿಸಲು ಸ್ವಾಮಿಗಳು ಕೊಟ್ಟ ವೇಳೆ ಹನ್ನೆರಡೂವರೆಯ ತನಕ. ಅವಳ ಚಿಂತೆ ಬೇರೆ. ಇಂದು ಶನಿವಾರ, ಬಸವಕಲ್ಯಾಣದ ಹೆಣ್ಣುಮಕ್ಕಳ ಕಾಲೇಜು ಒಂದು ಗಂಟೆಗೆ ಮುಚ್ಚುತ್ತದೆ. ಅಷ್ಟರೊಳಗೆ ಹೂಂ ಎನ್ನದಿದ್ದರೆ ಭೌತಶಾಸ್ತ್ರದ ಜಾಗಕ್ಕೆ ಬೀದರಿನ ಇನ್ನೊಬ್ಬಳನ್ನು ತೆಗೆದುಕೊಳ್ಳುತ್ತೇವೆ ಎಂದು ಪ್ರಾಚಾರ್ಯರು ಹೇಳಿಬಿಟ್ಟಿದ್ದರು. ಬಸವಕಲ್ಯಾಣ ಅವಳ ತವರೂರು. ಅದೇ ಕಾಲೇಜಿನಲ್ಲಿ ಕಲಿತು, ಅದೇ ಕರಿಹಲಗೆಯ ಮುಂದೆ ಕಲಿಸಬೇಕೆಂದು ಹದಿನೇಳನೆಯ ವಯಸ್ಸಿನಲ್ಲೇ ಆಸೆ ಕಟ್ಟಿದವಳು.

ಗಂಡ ದಿಗಂಬರನದು ತಕರಾರಿಲ್ಲ. "ನಂಗ ಖುಷಿ ಅದ. ಅಪ್ಪಾಗ ಮಾತ್ರ ನೀನೇ ಕೇಳು," ಎಂದು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಜಾರಿಕೊಂಡಿದ್ದ. ಕೇಳಿದ್ದಾಯಿತು. ಹತ್ತು ದಿನದಿಂದ ಮಾವನವರದು ಒಂದೇ ಉತ್ತರ: "ನೋಡೋಣ." ಅವರು ಕೆಟ್ಟವರಲ್ಲ. ಸೊಸೆ ಬಂದ ಮೇಲೆ ಮನೆಯಲ್ಲಿ ನಗು ಹೆಚ್ಚಾಯಿತೆಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆದರೆ ದಿನಾ ಒಂದು ತಾಸು ಬಸ್ಸು, ನಡುದಾರಿಯ ರಾಜೇಶ್ವರದಲ್ಲಿ ಏರುವ ಮಂದಿಯ ಗದ್ದಲ, ಜೊತೆಗೆ ಬಜಾರದ ಬಾಯಿ. ಒಮ್ಮೆ ಅವಳ ನೋಟುಪುಸ್ತಕ ತಿರುವಿ ಹಾಕಿ, "ಬರೇ ಚೌಕ, ಬರೇ ಬಾಣ. ಇದಕ್ಕ ಪಗಾರ ಕೊಡ್ತಾರೇನವ್ವಾ?" ಎಂದು ನಿಜಕ್ಕೂ ಆಶ್ಚರ್ಯಪಟ್ಟಿದ್ದರು.

"ಇನ್ನೊಂದ್ ಸಲ! ಹರ ಹರ ಮಹಾದೇವ!" ಚಿಟಗುಪ್ಪದಿಂದ ಬಂದಿದ್ದ ಸಣ್ಣ ಮಾವ, ಗುರುಲಿಂಗಪ್ಪನವರ ತಮ್ಮ ಗುರುಶಾಂತಪ್ಪ ಹುರುಪು ತುಂಬಿದರು. ಎಲ್ಲರೂ ಏದುಸಿರು ಬಿಟ್ಟರು. ಸಂದೂಕ ಅಲ್ಲೇ.

"ಸಾವಕಾರ್ರ, ಜರಾ ದಮ್ಮ ತಗೊಳ್ಳೋಣ್ರಿ," ಎಂದು ನರಸಿಂಗ ಕೆಳಗೊಂದು ಕಟ್ಟಿಗೆಯ ತುಂಡು ಒತ್ತುಕೊಟ್ಟ. ದಿಗಂಬರ ಹಗ್ಗವನ್ನು ಕಿಟಕಿಯ ಸರಳಿಗೆ ಸುತ್ತಿದ. ಕೈಗಳೇನೋ ಸಂದೂಕದ ಮೇಲೆಯೇ ಇದ್ದವು. ನರಸಿಂಗ ಒಂದು ಗಳಿಗೆ ಆ ಕೈಗಳನ್ನೂ ಒಂದು ಗಳಿಗೆ ಶೀತಲಳನ್ನೂ ನೋಡಿದ. ಇಪ್ಪತ್ತು ವರ್ಷ ಚೀಲ ಹೊತ್ತವನು ಅವನು. ಕಲಿತವನಿಗಿಂತ ನುರಿತವನೇ ಮೇಲು. ಗೊತ್ತಿರುವುದನ್ನು ಸಾವಕಾರರಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಆ ನೋಟ ಸಿಕ್ಕಿದ್ದೇ ಶೀತಲಳ ತಲೆಯಲ್ಲಿ ದೀಪ ಹತ್ತಿತು.

ಅವಳು ಕೈ ತೆಗೆದಳು.

"ಏ ಯವ್ವಾ!" ಶಕುಂತಲಾಬಾಯಿ ಚೀರಿದರು. "ಕೈ ತಗದಿ? ಹುಚ್ಚಿ ಇದ್ದೀಯೇನ?"

"ಒಂದ್ ನಿಮಿಷ ಅತ್ತೀ. ಹೊರಗ ನಿಂತು ನೋಡಿದ್ರನೇ ಕಾಣತದ," ಎಂದಳು ಶೀತಲ್. ಮೆಟ್ಟಿಲ ಮೇಲೆ ನೆಲಕ್ಕೆ ಫರಸಿ ಕಲ್ಲು ಕೂಡಿಸುವವನು ಬಿಟ್ಟುಹೋದ ಸೀಮೆಸುಣ್ಣದ ತುಂಡು ಬಿದ್ದಿತ್ತು. ಗೋಡೆಗಿನ್ನೂ ಬಣ್ಣ ಬಿದ್ದಿರಲಿಲ್ಲ. ಬೂದು ಸಿಮೆಂಟು ಕರಿಹಲಗೆಗಿಂತ ಚೆನ್ನಾಗಿತ್ತು. ಅವಳು ಗೋಡೆಯ ಮೇಲೆ ಓರೆಯಾಗಿ ಒಂದು ಚೌಕ ಎಳೆದಳು.

"ಇದೇನು?" ಎಂದರು ಗುರುಲಿಂಗಪ್ಪ.

"ಸಂದೂಕ್ರಿ."

"ಮೆಟ್ಟಿಲಾ ಎಲ್ಲಿ? ಮನಿ ಎಲ್ಲಿ?"

"ಏನೂ ಇಲ್ರಿ ಮಾವಾರ. ಸಂದೂಕ ಒಂದೇ. ಮನಿ, ಮಂದಿ ಎಲ್ಲಾ ಬಿಡಿಸಿ ಅದನ್ನೊಂದೇ ಇಟ್ಟು ನೋಡಬೇಕು. ಯಾರ್ಯಾರು ಅದಕ್ಕ ಏನೇನು ಮಾಡಾಕತ್ತಾರ, ಅಷ್ಟೇ ಬಾಣ ಹಾಕಬೇಕು." ಸೀಮೆಸುಣ್ಣ ಕೈಗೆ ಬಂದರೆ ಅವಳು ಸೊಸೆಯಲ್ಲ, ಬೇರೆಯೇ ಹೆಂಗಸು.

ಮೊದಲು ನೆಟ್ಟಗೆ ಕೆಳಕ್ಕೆ ಒಂದು ಉದ್ದನೆಯ ಬಾಣ. "ಇದು ಭಾರ. ಭೂಮಿ ಜಗ್ಗಾಕತ್ತದ."

"ಭಾಳ ಉದ್ದ ಆತಲ್ಲ," ಎಂದ ದಿಗಂಬರ ಮೇಲಿನಿಂದ.

"ಒಂದ್ ಚೀಲ ಜೋಳ ಅದ ಅಲ್ರಿ ಒಳಗ."

ಶಕುಂತಲಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅದು ನಂದೇ ಗುನ್ಹಾ, ಬಿಡು."

ಹಲಗೆ ಹೊತ್ತು ಹಿಡಿದದ್ದಕ್ಕೊಂದು ಬಾಣ. ದಿಗಂಬರನ ಹಗ್ಗದ್ದು ಹಲಗೆಗುಂಟ ಮೇಲಕ್ಕೆ. ನರಸಿಂಗನ ಭುಜದ್ದೂ ಹಲಗೆಗುಂಟ ಮೇಲಕ್ಕೆ, ಗಂಡನದಕ್ಕಿಂತ ಒಂದು ಗೇಣು ಉದ್ದ. ಅದನ್ನು ನೋಡಿ ನರಸಿಂಗ ನಾಚಿ ನೆಲ ನೋಡಿದ. ಹಲಗೆ ತಿಕ್ಕುವುದಕ್ಕೊಂದು ಬಾಣ, ಅದು ಹಲಗೆಗುಂಟ ಕೆಳಕ್ಕೆ. "ಮ್ಯಾಲಿಂದ ಒತ್ತಿದಷ್ಟೂ ಹಲಗಿ ಇದನ್ನ ಗಟ್ಟಿ ಹಿಡೀತದ," ಎನ್ನುತ್ತ ಶೀತಲ್ ಚೌಕದ ನೆತ್ತಿಯ ಮೇಲೆ ಇನ್ನೊಂದು ಬಾಣ ಹಾಕಿದಳು. "ಇದು ನಂದು. ಮುಂಜಾನಿಂದ ನಾ ಸಹಾಯ ಅಂತ ಮಾಡಿದ್ದು ಇಷ್ಟೇ. ಒತ್ತಾಕತ್ತಿದ್ದೆ."

"ಹಂಗಾದ್ರ ನಂದು?" ಎಂದರು ಶಕುಂತಲಾಬಾಯಿ.

"ಅತ್ತೀ, ನಿಮಗ ಮೊಳಕಾಲ ನೋವು. ಸಂದೂಕದ ಮ್ಯಾಲ ಭಾರ ಹಾಕಿ ನಿಂತೀರಿ." ಅವಳದರ ಪಕ್ಕಕ್ಕೆ ಅತ್ತೆಯದು, ಇನ್ನೂ ದಪ್ಪಗೆ.

"ಖರೇನೇ ಅದ!" ಶಕುಂತಲಾಬಾಯಿಗೆ ತಮ್ಮನ್ನು ಯಾರೋ ಚಿತ್ರದಲ್ಲಿ ಬರೆದಷ್ಟು ಖುಷಿಯಾಯಿತು. "ಗುರುಶಾಂತಂದ್ ಬರೀ, ಗುರುಶಾಂತಂದ್!"

"ನಾ ಎಳಿಯಾಕತ್ತೀನಿ," ಎಂದು ಗುರುಶಾಂತಪ್ಪ ಸಂದೂಕದ ಬದಿಯ ಹಿತ್ತಾಳೆ ಬಳೆ ತೋರಿಸಿದರು. "ಕಡಿ ಹಿಡಿದೀನಿ ನೋಡು, ಗಟ್ಟಿ."

"ಸಣ್ಣ ಮಾವಾರ, ನೀವು ಎರಡು ಮೆಟ್ಟಿಲಾ ಕೆಳಗದೀರಿ. ಕೆಳಗ ನಿಂತು ಜಗ್ಗಿದ್ರ ಸಂದೂಕ ಯಾವ ದಿಕ್ಕಿಗೆ ಬರತದ?" ಶೀತಲ್ ತಡೆದು ತಡೆದು ಹೇಳಿದಳು. "ನೀವು ಅದನ್ನ ಹಿಡಿದು ಮೆಟ್ಟಿಲಾ ಏರಾಕತ್ತೀರಿ ಅಷ್ಟೇ ರಿ."

ದಿಗಂಬರ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಗುರುಶಾಂತಪ್ಪ ತಾವೂ ನಕ್ಕು, "ಹಂಗಾದ್ರ ಮುಂಜಾನಿಂದ ಈ ಮನಿ ಸಂದೂಕ ನನ್ನ ಎಳಕೊಂಡು ಬಂದದ, ನಾ ಅಲ್ಲ," ಎಂದರು. ಆದರೆ ಕೈ ತೆಗೆಯಲಿಲ್ಲ. "ಅಣ್ಣ ತಗದ ಮ್ಯಾಲ ನಾ ತಗೀತೀನಿ. ಇಲ್ಲಂದ್ರ ನಾಳೆ ಪಾಲು ಕೇಳಾಕ ಬಂದೆ ಅಂತೀರಿ."

ಕೊನೆಗೆ ಒಂದು ಒಪ್ಪಂದವಾಯಿತು. ಕೈ ಇರಲಿ, ಭಾರ ಬೇಡ. ಗಾಯಕ್ಕೆ ಅರಿಷಿಣ ಹಚ್ಚುವಾಗ ಮುಟ್ಟುವಷ್ಟು ಹಗುರಾಗಿ ಮುಟ್ಟಿಕೊಂಡು ಬರುವುದು. ಎಳೆದರು, ನೂಕಿದರು. ಸಂದೂಕ ಒಂದು ಗೇಣು ಏರಿತು! ಎಲ್ಲರೂ ಹೋ ಎಂದರು. ಮತ್ತೆ ನಿಂತಿತು.

ಗುರುಲಿಂಗಪ್ಪ ಗೋಡೆಯನ್ನೇ ದಿಟ್ಟಿಸಿದರು. ಅವರು ಸಂದೂಕದ ಮುಂದೆ, ಮೇಲಿನ ಮೆಟ್ಟಿಲಲ್ಲಿ ಕೆಳಕ್ಕೆ ಮುಖ ಮಾಡಿ ನಿಂತಿದ್ದರು, ಎರಡೂ ಅಂಗೈ ಅದರ ಎದೆಗೆ ಒತ್ತಿ. ನಲವತ್ತು ವರ್ಷ ತಕ್ಕಡಿಯ ಮುಂದೆ ಕೂತು ತೊಗರಿ ತೂಗಿದ ಕಣ್ಣು ಅವರದು. ಯಾವ ಕಡೆ ಹೆಚ್ಚು, ಯಾವ ಕಡೆ ಕಮ್ಮಿ ಎಂಬುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ.

"ಇವರದೆಲ್ಲಾ ಹಗುರಾತು. ಈ ನಕ್ಷಾದ ಪ್ರಕಾರ ಸಂದೂಕ ಮ್ಯಾಲ ಹೋಗಬೇಕು," ಎಂದರು. "ಯಾಕ ಹೋಗವಲ್ದು?"

ಶೀತಲ್ ಸೀಮೆಸುಣ್ಣವನ್ನು ಬೆರಳಲ್ಲಿ ಹೊಸೆದಳು. ನರಸಿಂಗ ತಲೆ ಎತ್ತಿ ಛತ್ತು ನೋಡಿದ. ದಿಗಂಬರನ ನಗು ಒಮ್ಮೆಲೇ ನಿಂತಿತು.

ಗುರುಲಿಂಗಪ್ಪನವರ ಕಣ್ಣು ಒಂದೊಂದೇ ಬಾಣ ದಾಟಿ ಬಂತು. "ನಂದೆಲ್ಲಿ?"

ಶಕುಂತಲಾಬಾಯಿ ಸೆರಗು ಸರಿಮಾಡಿಕೊಂಡರು.

"ಎಲ್ಲಾರದೂ ಅದ. ಮನ್ಯಾಗ ಹಿರ್ಯಾ ನಾ. ಎರಡೂ ಕೈ ಹಚ್ಚಿ ನಿಂತೀನಿ. ನನ್ನ ಕೈಗೆ ಲೆಕ್ಕನೇ ಇಲ್ಲೇನವ್ವಾ?"

ಲೆಕ್ಕವಿಲ್ಲದೆ ಏನು? ಮೊದಲು ಹಾಕಬೇಕಾದ ಬಾಣವೇ ಅದಾಗಿತ್ತು. ನಾಳೆ ತನ್ನ ವಿದ್ಯಾರ್ಥಿನಿ ಹೀಗೆ ಒಂದು ಬಾಣ ಬಿಟ್ಟರೆ ಅವಳು ಸೊನ್ನೆಯನ್ನೇ ಕೊಟ್ಟಾಳು. ಮಾವನ ಬಾಣವನ್ನು, ಅದೂ ಅದು ಇರುವ ದಿಕ್ಕಿಗೆ ಎಳೆಯಲು ಮಾತ್ರ ಯಾವ ಸೊಸೆಗೆ ಕೈ ಬಂದೀತು? ಅತ್ತ ದರಿ, ಇತ್ತ ಪುಲಿ. ಅವಳು ಎರಡು ಮೆಟ್ಟಿಲು ಏರಿ ಸೀಮೆಸುಣ್ಣವನ್ನು ಅವರ ಮುಂದೆ ಹಿಡಿದಳು.

"ನಿಮ್ದು ನೀವೇ ಹಾಕ್ರಿ ಮಾವಾರ."

ಒಂದು ಕೈಯಾದರೂ ಸಂದೂಕದ ಮೇಲಿರಬೇಕಲ್ಲ, ಬಲಗೈ ತೆಗೆಯುವಂತಿಲ್ಲ. ಗುರುಲಿಂಗಪ್ಪ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು, ಸೊಂಟ ತಿರುಚಿ, ಗೋಡೆಗೆ ಬಾಗಿ ಒಂದು ಸೊಟ್ಟ ಬಾಣ ಎಳೆದರು. ಮೇಲಕ್ಕೆ. ಮಗನದಕ್ಕಿಂತ, ನರಸಿಂಗನದಕ್ಕಿಂತ ಉದ್ದವಾಗಿ. ನರಸಿಂಗನಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

"ಯಾಕ ಕೆಮ್ಮತೀಲೇ?"

"ಧೂಳ್ರಿ ಸಾವಕಾರ್ರ."

"ಮಾವಾರ," ಎಂದಳು ಶೀತಲ್ ಮೆಲ್ಲಗೆ. "ಅಂಗೈಲಿಂದ ಎಳ್ಯಾಕ ಬರತದೇನ್ರಿ?"

"ಯಾಕ ಬರಂಗಿಲ್ಲ?"

"ಈ ಗ್ವಾಡಿ ಎಳೀರಿ ನೋಡೋಣ."

ಇದೆಂಥ ಮಾತು ಎಂಬಂತೆ ಗುರುಲಿಂಗಪ್ಪ ಎಡ ಅಂಗೈಯನ್ನು ಗೋಡೆಗೆ ಒತ್ತಿ ತಮ್ಮ ಕಡೆಗೆ ಎಳೆದರು. ಗೋಡೆ ಬರಲಿಲ್ಲ, ಅಂಗೈ ಬಂತು. ಮತ್ತೊಮ್ಮೆ ಒತ್ತಿದರು, ಎಳೆದರು. ಮತ್ತೆ ಅಂಗೈಯೇ ಬಂತು. ಸಿಮೆಂಟಿನ ಮೇಲೆ ಬಿಳಿಯ ಐದು ಬೆರಳು ಮೂಡಿದವು. ಅವರು ಆ ಬೆರಳುಗಳನ್ನು ನೋಡಿದರು, ಸಂದೂಕದ ಮೇಲಿದ್ದ ಬಲ ಅಂಗೈಯನ್ನು ನೋಡಿದರು. ಹಿಡಿಯಲು ಅಲ್ಲಿ ಬಳೆಯೂ ಇಲ್ಲ, ಹಗ್ಗವೂ ಇಲ್ಲ. ಅಂಗೈಗೆ ಒತ್ತಲು ಮಾತ್ರ ಬರುತ್ತದೆ.

"ಇದು ಬೀಳಬಾರದು ಅಂತ ಹಿಡದೀನಿ ನಾ," ಎಂದರು. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

"ಹೌದ್ರಿ. ಅದಕ್ಕೇ ಬಿದ್ದಿಲ್ಲ," ಎಂದಳು ಶೀತಲ್. ಮುಂದಿನ ಮಾತು ನಾಲಗೆಯ ತುದಿಗೆ ಬಂದು ನಿಂತಿತು.

"ಏರಿಯೂ ಇಲ್ಲ," ಎಂದು ಅವರೇ ಮುಗಿಸಿದರು.

ಆಮೇಲೆ ಗುರುಲಿಂಗಪ್ಪ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಭುಜ ಕುಣಿಯುವಂತೆ. ಅಣ್ಣ ನಕ್ಕದ್ದು ನೋಡಿ ತಮ್ಮನೂ ನಕ್ಕರು, ಅವರಿಬ್ಬರನ್ನು ನೋಡಿ ಶಕುಂತಲಾಬಾಯಿ ಕಣ್ಣೊರೆಸಿಕೊಂಡರು. "ಅರವತ್ತೆರಡು ವರ್ಷ ಆತು. ಅಂಗೈಲೆ ಎಳೀತೀನಿ ಅಂತ ತಿಳಕೊಂಡೇ ಕುಂತಿದ್ದೆ!" ಎಂದು ಗುರುಲಿಂಗಪ್ಪ ತಾವು ಬರೆದ ಬಾಣವನ್ನು ಧೋತರದ ಚುಂಗಿನಿಂದ ಒರೆಸಿ ಹಾಕಿದರು. ಅದೇ ಜಾಗದಲ್ಲಿ ಇನ್ನೊಂದು ಎಳೆದರು. ಕೆಳಕ್ಕೆ. ಅಷ್ಟೇ ಉದ್ದ, ಒಂದು ಕೂದಲೂ ಕಮ್ಮಿಯಿಲ್ಲ. ತಲೆ ಹಿಂದಕ್ಕೆ ವಾಲಿಸಿ, ತೂಕದ ಮುಳ್ಳು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು.

"ಈಗ ಬರಾಬರ್ ಆತು," ಎಂದರು.

ಮತ್ತು ಬಲಗೈ ತೆಗೆದರು.

ಶಕುಂತಲಾಬಾಯಿ ಗಂಡನ ಕೈ ಕಡೆ ಬೆರಳು ತೋರಿಸಿದರು. "ಏನ್ರೀ, ಹಿರೇರ ವಾಡಿಕಿ..."

"ಹೊಸಿಲಾ ದಾಟೂ ತನಕ ಹಚ್ಚೀವಿ, ಸಾಕು. ಹಿರೇರು ಸಂದೂಕ ಮ್ಯಾಲ ಹೋಗಲಿ ಅಂತ ಕೈ ಹಚ್ಚಂದ್ರು, ಇಲ್ಲೇ ಕುಂಡರಲಿ ಅಂತ ಅಲ್ಲ. ಗುರುಶಾಂತ, ತಗೀ. ನೀ ಪಾಲು ಕೇಳಂಗಿಲ್ಲ ಅಂತ ನಂಗ ಗೊತ್ತದ. ಕೇಳಿದ್ರೂ ಈ ಮೆಟ್ಟಿಲಾ ನಿಂಗೇ ಕೊಡ್ತೀನಿ." ಗುರುಲಿಂಗಪ್ಪ ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟು ನಿಂತರು. "ನರಸಿಂಗ, ಈಗ ಹಾಕು ಜೋರು."

ನರಸಿಂಗ ಭುಜ ಕೊಟ್ಟ. ದಿಗಂಬರ ಎಳೆದ. ಸಂದೂಕ ಒಮ್ಮೆ ಹೂಂಗುಟ್ಟಿ ಹೊರಟದ್ದು ಮತ್ತೆ ನಿಲ್ಲಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು, ಮೆಟ್ಟಿಲು ಎಣಿಸುತ್ತ ಮನೆಯವರೆಲ್ಲ ಖಾಲಿ ಕೈ ಬೀಸಿಕೊಂಡು ಮದುವೆಯ ದಿಬ್ಬಣದಂತೆ ಹಿಂದೆ ಹಿಂದೆ ನಡೆದರು. ಹನ್ನೆರಡೂ ಇಪ್ಪತ್ತಕ್ಕೆ ಅದು ಮೇಲಿನ ಕೋಣೆಯಲ್ಲಿ ತನ್ನ ಜಾಗದಲ್ಲಿ ಕೂತಿತು. ಶಕುಂತಲಾಬಾಯಿ ಅರಿಷಿಣ ಕುಂಕುಮ ಹಚ್ಚಿದರು. ಎಲ್ಲರಿಗಿಂತ ಮೊದಲು ನರಸಿಂಗನ ಕೈಗೆ ಪೇಡೆ ಕೊಟ್ಟರು. ಅವನು ಅದನ್ನು ಬಾಯಿಗಿಟ್ಟುಕೊಂಡು, "ಸಂದೂಕ ವಜ್ಜ, ಭಾರ ಏನೂ ಇರಲಿಲ್ರಿ ಬಾಯಾರ," ಎಂದಷ್ಟೇ ಹೇಳಿ ಶೀತಲಳ ಕಡೆ ನೋಡಿ ಕಣ್ಣಲ್ಲೇ ನಕ್ಕ.

ಶೀತಲಳಿಗೆ ಕುಣಿಯಬೇಕೆನಿಸುತ್ತಿತ್ತು. ಅಷ್ಟೇ ಅಳುವೂ ಬರುತ್ತಿತ್ತು, ಯಾಕೆಂದರೆ ಸಂದೂಕ ಏರಿತು, ಅವಳ ಮಾತು ಅಲ್ಲೇ ಇತ್ತು. ಪೇಡೆಯ ತಟ್ಟೆ ಹಿಡಿದು ಎಲ್ಲರಿಗೂ ಕೊಡುತ್ತ ಬಂದವಳಿಗೆ ಇನ್ನೊಮ್ಮೆ ಕೇಳುವ ಬಾಯಿ ಬರಲಿಲ್ಲ. ಹತ್ತು ದಿನದ 'ನೋಡೋಣ' ಇವತ್ತು ಒಂದು ಗಂಟೆಗೆ ತಾನೇ ತಾನಾಗಿ 'ಇಲ್ಲ' ಆಗಿಬಿಡುತ್ತದೆ.

"ಶೀತಲವ್ವಾ," ಎಂದರು ಗುರುಲಿಂಗಪ್ಪ ಪೇಡೆ ತೆಗೆದುಕೊಳ್ಳುತ್ತ. "ಆ ಕಾಲೇಜು ಎಷ್ಟಕ್ಕ ಬಂದ್ ಆಗತದ?"

"ಒಂದಕ್ಕ್ರಿ."

"ಈಗೆಷ್ಟು?"

"ಹನ್ನೆರಡೂ ನಲವತ್ತು."

"ಮತ್ತ?" ಎಂದರು ಅವರು, ಇಷ್ಟು ತಡ ಯಾಕೆ ಮಾಡಿದೆ ಎಂದು ಅವಳನ್ನೇ ಬೈಯುವವರ ಹಾಗೆ.

ತಟ್ಟೆ ಯಾರ ಕೈಗೆ ಹೋಯಿತೋ ಅವಳಿಗೆ ಗೊತ್ತಿಲ್ಲ. ಕೋಣೆಯಲ್ಲಿ ಸಿಗ್ನಲ್ ಬರುತ್ತಿರಲಿಲ್ಲ, ಬಾಲ್ಕನಿಗೆ ಓಡಿದಳು. ಮಾವನವರೂ ಹಿಂದೆಯೇ ಬಂದರು. ಎರಡು ಸಲ ರಿಂಗಾಗಿ ಪ್ರಾಚಾರ್ಯರ ದನಿ ಕೇಳಿತು. ಕಿವಿ ಸ್ವಲ್ಪ ಮಂದವಾದ ಮನುಷ್ಯ, ಫೋನಿನಲ್ಲಿ ಕೂಗಿಯೇ ಮಾತಾಡುತ್ತಿದ್ದರು. ಕೆಳಗಿನ ಓಣಿಗೂ ಕೇಳುವಂತಿತ್ತು.

"ಬರ್ತೀರೇನಮ್ಮಾ? ಛಲೋ ಆತು! ಮನ್ಯಾಗ ಹಿರೇರು ಒಪ್ಪ್ಯಾರಿಲ್ಲೋ? ಆಮ್ಯಾಲ ನಡು ವರ್ಷದಾಗ ತಕರಾರ ಬ್ಯಾಡ. ನಿಮ್ಮ ಮಾವಾರ ಅದಾರೇನು ಅಲ್ಲಿ? ಜರಾ ಅವರ ಕೈಗೆ ಫೋನ್ ಕೊಡ್ರಿ, ಅವರ ಬಾಯಿಲಿಂದನೇ ಕೇಳತೀನಿ."

ಶೀತಲ್ ಫೋನನ್ನು ಮಾವನ ಕಡೆಗೆ ಚಾಚಿದಳು. ಗುರುಲಿಂಗಪ್ಪನವರ ಬಲಗೈ ರೂಢಿಯಂತೆ ಮೇಲೆದ್ದು ಮುಂದೆ ಬಂತು. ಈ ಮನೆಯ ಪರವಾಗಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ನಲವತ್ತು ವರ್ಷದಿಂದ ಅವರದೇ. ಕೈ ಫೋನಿಗೆ ಇನ್ನೇನು ತಾಗಬೇಕು, ಅಲ್ಲೇ ತಡೆಯಿತು. ಮೆಲ್ಲಗೆ ಹಿಂದಕ್ಕೆ ಹೋಗಿ ಬೆನ್ನ ಹಿಂದೆ ಎಡಗೈಯನ್ನು ಸೇರಿತು.

"ನಿನ್ನ ಕೆಲಸ. ನೀನೇ ಹೇಳು," ಎಂದರು.

"ಸರ್, ಎಲ್ಲಾರೂ ಒಪ್ಪ್ಯಾರ್ರಿ," ಎಂದಳು ಶೀತಲ್. "ಸೋಮವಾರ ಮೊದಲನೇ ಬಸ್ಸಿಗೇ ಬರ್ತೀನ್ರಿ."

ಗುರುಲಿಂಗಪ್ಪ ಓಣಿಯ ಕಡೆ ಮುಖ ತಿರುಗಿಸಿ, ಯಾರೋ ಹೋಗುವವರನ್ನು ನೋಡುವವರಂತೆ ನಿಂತರು. ಫೋನ್ ಇಟ್ಟು ತಿರುಗಿದ ಶೀತಲಳಿಗೆ ಅವರ ಮುಖ ಕಾಣಲಿಲ್ಲ. ಬೆನ್ನ ಹಿಂದಿನ ಕೈಗಳು ಕಂಡವು. ಸೀಮೆಸುಣ್ಣ ಹತ್ತಿ ಬೆಳ್ಳಗಾಗಿದ್ದ ಎಡಗೈ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.